ಘಟ್ಟದ ಕೆಳಗಿನ ಪಗಾರ
(ಬಾನುಲಿ ಭಾಷಣ)

ಮನೆಯ ಗೋಡೆ ಅರ್ಧಕ್ಕೆ ನಿಂತಿರುತ್ತದೆ, ಗೌಂಡಿ ಬರುವುದಿಲ್ಲ. ವಿಚಾರಿಸಿದರೆ, "ಅವ ಗೋವಾಕ್ಕ ಹೋಗ್ಯಾನ್ರಿ, ಯುಗಾದಿಗೆ ಬರ್ತಾನ" ಎಂಬ ಉತ್ತರ ಸಿಗುತ್ತದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಪೇಟೆಯಲ್ಲಿ ವಾಸಿಸುವ ಕೇಳುಗರಿಗೆ ಈ ಉತ್ತರ ಹೊಸದಲ್ಲ. ಅದನ್ನು ಕೇಳಿದಾಗ ನಾವು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತೇವೆ: "ಅಲ್ಲಿ ಪಗಾರ ಎಷ್ಟಂತೆ?" ಎರಡನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ. ಅಲ್ಲಿ ಬದುಕಲಿಕ್ಕೆ ಬೀಳುವ ಖರ್ಚೆಷ್ಟು, ಆ ಖರ್ಚನ್ನು ಮನೆಯಲ್ಲಿ ಯಾರು ತೆರುತ್ತಾರೆ ಎಂಬುದು ಆ ಪ್ರಶ್ನೆ. ಈ ಹೊತ್ತು ನಾನು ಮಾತಾಡಹೊರಟಿರುವುದು ಮುಖ್ಯವಾಗಿ ಈ ಎರಡನೆಯ ಪ್ರಶ್ನೆಯನ್ನು ಕುರಿತು.

ಹೊಟ್ಟೆಪಾಡಿಗಾಗಿ ಬೇರೆ ರಾಜ್ಯಕ್ಕೆ ಹೋಗುವುದು ನಮ್ಮ ಸೀಮೆಗೆ ಹಳೆಯ ಸಂಗತಿಯೇ. ಅಷ್ಟೇ ಅಲ್ಲ, ಒಂದು ಕಾಲಕ್ಕೆ 'ಬೇರೆ ರಾಜ್ಯ' ಎಂಬುದು ಬಲು ಹತ್ತಿರದಲ್ಲಿತ್ತು. 1956ರ ನವೆಂಬರ 1ರವರೆಗೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ತಾಲೂಕುಗಳು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಿರೇಕೆರೂರಿನಿಂದ ಶಿಕಾರಿಪುರಕ್ಕೆ ಹೊರಟವನು ಮೈಸೂರಿನ ಗಡಿಯೊಳಗೆ ಕಾಲಿಡುತ್ತಿದ್ದನು. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ. ಅಲ್ಲಿಂದ ಶಿಗ್ಗಾಂವಿಯ ಸಂತೆಗೆ ಬರುವವನು ಕೂಡ ಒಂದು ಆಳಿಕೆಯಿಂದ ಇನ್ನೊಂದು ಆಳಿಕೆಗೆ ಬರುತ್ತಿದ್ದನೆಂದೇ ಹೇಳಬೇಕು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರಖಾನೆ ನಡೆಯತೊಡಗಿತು. 1941ರಲ್ಲಿ ಹರಿಹರದಲ್ಲಿ ಕಿರ್ಲೋಸ್ಕರ ಕಾರಖಾನೆ ಬಂದಿತು. ಮಲೆನಾಡಿನ ಅಡಿಕೆ ತೋಟಗಳಿಗಂತೂ ಆಳು ಬೇಕೇ ಬೇಕು. ಇವೆಲ್ಲ ಪರರಾಜ್ಯದಲ್ಲಿದ್ದವು. ಆದರೂ ಅಲ್ಲಿಗೆ ಹೋದವನಿಗೆ ಪರಸ್ಥಳಕ್ಕೆ ಬಂದೆನೆಂಬ ಭಾವನೆ ಅಷ್ಟಾಗಿ ಉಂಟಾಗುತ್ತಿರಲಿಲ್ಲ. ಮಾತು ಅದೇ, ಹಬ್ಬ ಅದೇ, ಮಗನನ್ನು ಹಚ್ಚಬೇಕಾದ ಶಾಲೆಯ ಅಕ್ಷರವೂ ಅದೇ. ಗಡಿ ನಕಾಶೆಯಲ್ಲಿತ್ತು, ಬದುಕಿನಲ್ಲಿ ಇರಲಿಲ್ಲ.

ಗೋವೆಯ ಮಾತು ಬೇರೆ. ಹಾಗೆಂದು ಅದು ನಮಗೆ ಪೂರಾ ಹೊರಗಿನ ನಾಡೂ ಅಲ್ಲ. ಪಾನುಂಗಲ್ಲು ಎಂದು ಶಾಸನಗಳು ಕರೆಯುವ ನಮ್ಮ ಹಾನಗಲ್ಲನ್ನು ಆಳಿದವರು ಕದಂಬರು. ಚಂದ್ರಪುರದಲ್ಲಿಯೂ ಮುಂದೆ ಗೋಪಕಪಟ್ಟಣದಲ್ಲಿಯೂ ಇದ್ದು ಗೋವೆಯನ್ನಾಳಿದವರೂ ಕದಂಬರೇ. ಕನ್ನಡ ಶಾಸನಗಳನ್ನು ಹಾಕಿಸಿದ ಮನೆತನ ಅದು. ಪಂಡಿತನಾದವನಿಗೆ ಇಂಥ ಸಂಬಂಧ ಹೇಳಲಿಕ್ಕೆ ಸಂತೋಷವಾಗುತ್ತದೆ. ಆದರೆ ವಾಸ್ಕೋದ ಖೋಲಿಯ ಮಾಲಕನಿಗೆ ಕದಂಬರ ಹೆಸರು ಹೇಳಿದರೆ ಬಾಡಿಗೆ ಕಡಿಮೆಯಾಗುವುದಿಲ್ಲ. ನಡುವೆ ನಾಲ್ಕೂವರೆ ಶತಮಾನ ಪೋರ್ತುಗೀಜರ ಆಳಿಕೆ ಬಂದು ಹೋಯಿತು. ಆ ಕಾಲದಲ್ಲಿ ರೈಲಿನಲ್ಲಿ ಹೋಗುವವರು ಕ್ಯಾಸಲ್‌ರಾಕಿನಲ್ಲಿ ಇಳಿದು ಸುಂಕದವರಿಗೆ ಗಂಟು ಬಿಚ್ಚಿ ತೋರಿಸಬೇಕಾಗುತ್ತಿತ್ತು. 1961ರ ಡಿಸೆಂಬರ 19ರಂದು ಗೋವೆ ಬಿಡುಗಡೆಯಾಯಿತು. 1987ರ ಮೇ 30ರಂದು ಅದು ಪೂರ್ಣ ರಾಜ್ಯವಾಯಿತು. ಬಿಡುಗಡೆಯಾದ ಮೇಲೆ ರಸ್ತೆ, ಸೇತುವೆ, ಬಂದರದ ಕೆಲಸ, ಅದಿರಿನ ಗಣಿ, ಜುವಾರಿನಗರದ ರಸಗೊಬ್ಬರ ಕಾರಖಾನೆ, ಆಮೇಲೆ ಕಡಲತಡಿಯ ಹೊಟೇಲುಗಳು ಎಂದು ಒಂದರ ಮೇಲೊಂದು ಕಟ್ಟಡದ ಕೆಲಸ ಹುಟ್ಟಿತು. ಗೋವೆಯ ತರುಣರು ಅಷ್ಟರಲ್ಲಿಯೇ ಹಡಗಿಗೆ, ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ಹೋಗುವ ರೂಢಿಯವರು. ಅವರು ಬಿಟ್ಟುಹೋದ ಸಲಿಕೆ ಹಿಡಿಯಲು ಘಟ್ಟದ ಮೇಲಿನವರು ಇಳಿದರು. ಹೊರಗೆ ಹೋದವರ ಊರಿಗೆ ಹೊರಗಿನಿಂದ ಬಂದವರು ನಾವು. ಇದೊಂದು ವಿಚಿತ್ರ ಸರಪಳಿ.

2011ರ ಜನಗಣತಿಯ ಪ್ರಕಾರ ಗೋವೆಯ ಹದಿನಾಲ್ಕೂವರೆ ಲಕ್ಷ ಜನರಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು, ಎಂದರೆ ಸುಮಾರು 68 ಸಾವಿರ. ಈ ಅಂಕಿಯನ್ನು ಓದುವಾಗ ಒಂದು ಮಾತನ್ನು ನೆನಪಿನಲ್ಲಿಡಬೇಕು. ಸವಣೂರು, ಶಿಗ್ಗಾಂವಿಗಳಿಂದ ಹೋದ ಮುಸಲ್ಮಾನ ಕುಟುಂಬಗಳ ಮನೆಮಾತು ಉರ್ದು. ತಾಂಡಾಗಳಿಂದ ಹೋದವರ ಮನೆಮಾತು ಲಂಬಾಣಿ, ಅದನ್ನು ಜನಗಣತಿಯವರು ಹಿಂದಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಇವರೆಲ್ಲ ಪರಸ್ಪರ ಕನ್ನಡದಲ್ಲಿಯೇ ಮಾತಾಡಿ, ಕನ್ನಡದಲ್ಲಿಯೇ ಜಗಳಾಡಿ, ಊರಿಗೆ ಫೋನು ಮಾಡಿ ಕನ್ನಡದಲ್ಲಿಯೇ ಮಳೆ ಬಂತೇ ಎಂದು ಕೇಳುವವರು. ಆ ಅಂಕಿಯಲ್ಲಿ ಅವರಿಲ್ಲ.

ಏಕೆ ಹೋಗುತ್ತಾರೆ? ಇದಕ್ಕೆ ಬಹಳ ಹೇಳಬೇಕಾದುದಿಲ್ಲ. ಹಾನಗಲ್ಲಿನ ಪಡುವಣ ಭಾಗದಲ್ಲಿ ಕೆರೆ, ಗದ್ದೆ, ಮಾವು, ಅಡಿಕೆ ಉಂಟು. ಉಳಿದ ಕಡೆ ಹೆಚ್ಚಿನದು ಮಳೆಯನ್ನೇ ನಂಬಿದ ಬೆಳೆ. ಮುಂಗಾರಿಗೆ ಬಿತ್ತಿದ ಗೋವಿನಜೋಳ ದೀಪಾವಳಿಯ ಸುಮಾರಿಗೆ ಕೈಗೆ ಬಂದಿತೆಂದರೆ ಎರಡು ಮೂರು ಎಕರೆಯವನಿಗೆ ಮುಂದೆ ರೋಹಿಣಿ ಮಳೆಯವರೆಗೆ ಹೊಲದಲ್ಲಿ ಕೆಲಸವಿಲ್ಲ. ಹೊಲವೇ ಇಲ್ಲದವನ ಪಾಡು ಹೇಳುವುದೇ ಬೇಡ. 'ಗುಳೆ' ಎಂಬ ಮಾತು ನಮ್ಮಲ್ಲಿ ಉಂಟು. ಬರ ಬಿದ್ದಾಗ ಪಾತ್ರೆ ಪಗಡಿ, ದನಕರು ಸಹಿತ ಊರು ಬಿಟ್ಟು ಏಳುವುದು ಅದರ ಅರ್ಥ. ಗೋವೆಗೆ ಹೋಗುವವರು ಆ ಮಾತನ್ನು ತಮಗೆ ಹಚ್ಚಿಕೊಳ್ಳಲು ಒಪ್ಪುವುದಿಲ್ಲ. "ಗುಳೆ ಅಲ್ರೀ, ದುಡಿಯಾಕ ಹೋಗ್ತೀವಿ" ಎನ್ನುತ್ತಾರೆ. ಅವರ ಮಾತು ಸರಿಯಾಗಿದೆ. ಮನೆಗೆ ಬೀಗ ಬಿದ್ದಿಲ್ಲ, ಹಿರಿಯರು ಊರಲ್ಲಿದ್ದಾರೆ, ಹೊಲದ ಉತಾರ ಅವರ ಹೆಸರಿನಲ್ಲಿಯೇ ಇದೆ.

ಈಗ ಲೆಕ್ಕಕ್ಕೆ ಬರೋಣ. ಕಾಗದ ಪೆನ್ಸಿಲು ಹತ್ತಿರವಿದ್ದರೆ ತೆಗೆದುಕೊಳ್ಳಿರಿ. ನಾನು ಹೇಳುವ ಅಂಕಿಗಳು ಯಾವ ದಫ್ತರದಿಂದಲೂ ತಂದವಲ್ಲ. ವಿಚಾರ ತಿಳಿಯಲೆಂದು ಹಿಡಿದ ಅಂಕಿಗಳು. ನಿಮಗೆ ಗೊತ್ತಿರುವ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟು ನೋಡಬಹುದು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಮೂರು ವರ್ಷದ ಮಗ, ಹೀಗೆ ನಾಲ್ಕು ಜನರ ಮನೆ. ಊರಲ್ಲಿ ಗಂಡನಿಗೆ ದಿನಕ್ಕೆ 500 ರೂಪಾಯಿಯಂತೆ ತಿಂಗಳಲ್ಲಿ 16 ದಿನ ಕೆಲಸ ಸಿಕ್ಕರೆ 8,000 ರೂಪಾಯಿ. ಹೆಂಡತಿ ಕಳೆ ತೆಗೆಯುವ, ಬುಡ್ಡಿ ಬಿಡಿಸುವ ಕೆಲಸದಿಂದ 3,000 ತರುತ್ತಾಳೆ. ಸ್ವಂತ ಮನೆ, ಪಡಿತರದ ಅಕ್ಕಿ, ಹಿತ್ತಲಿನ ಸೊಪ್ಪು. ತಲೆಗೆ 2,000ದಂತೆ ಖರ್ಚು 8,000. ಉಳಿದದ್ದು 3,000.

ಗಂಡನೊಬ್ಬನೇ ಗೋವೆಗೆ ಹೋದನೆನ್ನಿ. ದಿನಕ್ಕೆ 800ರಂತೆ 24 ದಿನ; 19,200 ರೂಪಾಯಿ. ನಾಲ್ಕು ಜನ ಕೂಡಿ ಹಿಡಿದ ಖೋಲಿಯ ಬಾಡಿಗೆಯಲ್ಲಿ ಇವನ ಪಾಲು 1,500; ಊಟಕ್ಕೆ 3,900; ಚಹಾ, ಫೋನು, ಔಷಧ, ಬಸ್ಸಿನ ಚಾರ್ಜು 2,000. ಇವನ ಖರ್ಚು 7,400 ಆಯಿತು. ಊರಲ್ಲಿ ಉಳಿದ ಮೂವರಿಗೆ 6,000. ಹೆಂಡತಿಯ 3,000 ಕೂಡಿಸಿದರೆ ತಿಂಗಳ ಕೊನೆಗೆ ಉಳಿಯುವುದು 8,800. ಊರಲ್ಲಿಯೇ ಇದ್ದಾಗ ಉಳಿದದ್ದಕ್ಕಿಂತ ಸುಮಾರು ಮೂರು ಪಟ್ಟು. ಆದ್ದರಿಂದ ಹೋಗುವವನನ್ನು ದಡ್ಡನೆನ್ನುವ ಅಧಿಕಾರ ನಮಗಿಲ್ಲ.

ಇನ್ನು ನಾಲ್ವರೂ ಹೋದರೆ? ಖೋಲಿ ಇಡಿಯಾಗಿ ಬೇಕು, 6,000. ಊಟಕ್ಕೆ 9,000, ಬೆಳಗಾವಿಯ ಕಡೆಯ ಕಾಯಿಪಲ್ಲೆ ಘಟ್ಟ ಇಳಿದು ಅಲ್ಲಿಗೆ ಹೋಗಿರುತ್ತದೆ, ಅದರ ಬಾಡಿಗೆಯೂ ಬೆಲೆಯೊಳಗೆ ಸೇರಿರುತ್ತದೆ. ಮೇಲಿನ ಖರ್ಚು 3,000. ಒಟ್ಟು 18,000. ಗಂಡನ ಪಗಾರದಲ್ಲಿ ಉಳಿಯುವುದು 1,200 ಮಾತ್ರ! ಹೀಗಾಗಿ ಹೆಂಡತಿಯೂ ಬುಟ್ಟಿ ಹೊರಲು ನಿಲ್ಲುತ್ತಾಳೆ. ದಿನಕ್ಕೆ 500ರಂತೆ 20 ದಿನ, 10,000 ಬಂತು. ಉಳಿತಾಯ 11,200 ಆಯಿತು. ಗಂಡನೊಬ್ಬನೇ ಹೋದಾಗಿನದಕ್ಕಿಂತ 2,400 ರೂಪಾಯಿ ಹೆಚ್ಚು. ಈ ಎರಡು ಸಾವಿರದ ನಾಲ್ಕು ನೂರು ರೂಪಾಯಿ ಎಲ್ಲಿಂದ ಬಂದವು? ತಾಯಿ ಬುಟ್ಟಿ ಹೊರುವ ಹೊತ್ತಿನಲ್ಲಿ ಮೂರು ವರ್ಷದವನನ್ನು ಯಾರು ನೋಡಿಕೊಳ್ಳುತ್ತಿದ್ದರು? ಹತ್ತು ವರ್ಷದ ಹುಡುಗಿ. ಅವಳ ಶಾಲೆಯ ತಿಂಗಳಿನ ಬೆಲೆ ಅದು. ಪಗಾರದ ಹಾಳೆಯಲ್ಲಿ ಅವಳ ಹೆಸರಿಲ್ಲ, ಆದರೆ ಉಳಿತಾಯದಲ್ಲಿ ಅವಳ ದುಡಿಮೆ ಇದೆ.

ಸರಕಾರ ಗೊತ್ತುಮಾಡಿದ ದರಗಳನ್ನು ನೋಡಿದರೆ ಈ ಸೆಳೆತ ಕಾಣುವುದೇ ಇಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 349 ರೂಪಾಯಿ, ಗೋವೆಯಲ್ಲಿ 356 ರೂಪಾಯಿ ಇತ್ತು. ಏಳು ರೂಪಾಯಿಗಾಗಿ ಯಾರೂ ಅನಮೋಡ ಘಟ್ಟ ಇಳಿಯುವುದಿಲ್ಲ. ಸೆಳೆಯುವುದು ಕಂತ್ರಾಟುದಾರನ ದರ. ಅದಕ್ಕಿಂತ ಹೆಚ್ಚಾಗಿ, ತಿಂಗಳಲ್ಲಿ ತಪ್ಪದೆ ಸಿಗುವ ದಿನಗಳು.

ಹೀಗೆ ನೋಡಿದರೆ ದುಡಿಮೆ ಘಟ್ಟದ ಕೆಳಗೆ, ಸೋವಿಯ ಬದುಕು ಘಟ್ಟದ ಮೇಲೆ. ಎರಡನ್ನೂ ಬಿಡಲಾರದ್ದರಿಂದ ಮನೆ ಎರಡಾಗುತ್ತದೆ. ನಮ್ಮ ಪೇಟೆಯ ಮನೆಗಳಿಂದಲೂ ಹುಡುಗರು ಪುಣೆಗೆ, ಹೈದರಾಬಾದಿಗೆ ಕಂಪನಿಯ ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಗಡಿ ಅಷ್ಟಾಗಿ ತಾಗುವುದಿಲ್ಲ. ಅವರ ಭವಿಷ್ಯನಿಧಿಯ ಖಾತೆ ಅವರ ಹಿಂದೆಯೇ ಹೋಗುತ್ತದೆ, ಮಕ್ಕಳ ಇಂಗ್ಲಿಷ್ ಶಾಲೆ ಎಲ್ಲಿಯೂ ಅದೇ. ಗಡಿ ತಾಗುವುದು ಚೀಟಿಯನ್ನು ನಂಬಿ ಬದುಕುವವನಿಗೆ.

ಎಂಥ ಚೀಟಿಗಳು? ಮೊದಲು ಪಡಿತರದ್ದು. 2020ರ ಜನವರಿ 1ರಿಂದ ಹನ್ನೆರಡು ರಾಜ್ಯಗಳಲ್ಲಿ ಒಂದೇ ಪಡಿತರ ಚೀಟಿ ನಡೆಯುವ ಏರ್ಪಾಡಾಯಿತು. ಕರ್ನಾಟಕ, ಗೋವೆ ಎರಡೂ ಅದರಲ್ಲಿದ್ದವು. ಹಾನಗಲ್ಲಿನ ಚೀಟಿಗೆ ವಾಸ್ಕೋದಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ಪಡೆಯಬಹುದು. ಒಂದು ಪಾಲನ್ನು ಅಲ್ಲಿ, ಉಳಿದದ್ದನ್ನು ಊರಲ್ಲಿ ತೆಗೆದುಕೊಳ್ಳಲೂ ಬರುತ್ತದೆ. ಈ ಸಂಗತಿ ತಿಳಿಯದವರು ಈಗಲೂ ಇದ್ದಾರೆ. ಅದೇ 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಬಸ್ಸು ರೈಲು ನಿಂತವು, ಗಡಿ ಮುಚ್ಚಿತು. ಮೂರು ತಿಂಗಳ ಹಿಂದೆ ಬಂದ ಏರ್ಪಾಡಿನ ಸುದ್ದಿ ಖೋಲಿಗಳವರೆಗೆ ಇನ್ನೂ ಮುಟ್ಟಿರಲಿಲ್ಲ. ಕೆಲಸವಿಲ್ಲದೆ ಕುಳಿತವನಿಗೆ ಊರ ಅಕ್ಕಿ ದೂರವೇ ಉಳಿಯಿತು.

ಇನ್ನು ಬಸ್ಸಿನ ಚೀಟಿ. 2023ರ ಜೂನ 11ರಂದು ಕರ್ನಾಟಕದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ ಆರಂಭವಾಯಿತು. ಅದೇ ಅಗಸ್ಟ 30ರಂದು ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಆರಂಭವಾಯಿತು. ಬಸ್ಸಿನ ಸೌಲಭ್ಯ ರಾಜ್ಯದೊಳಗಿನದು, ಅಂತರರಾಜ್ಯ ಬಸ್ಸಿಗೆ ಸಲ್ಲದು. ಶಿಗ್ಗಾಂವಿಯ ಹೆಣ್ಣುಮಗಳು ಕಾರವಾರದವರೆಗೆ ಹಣವಿಲ್ಲದೆ ಹೋಗಬಲ್ಲಳು. ಗಂಡನಿರುವ ಊರಿಗೆ ಮುಂದಿನ ದಾರಿ ಹಣ ಕೊಟ್ಟು. ಗೋವೆಯಲ್ಲಿಯೂ ಮನೆಯೊಡತಿಯರಿಗೆ, ಮುದುಕರಿಗೆ ಯೋಜನೆಗಳುಂಟು. ಆದರೆ ಅವಕ್ಕೆ ಹದಿನೈದು ವರ್ಷ ಅಲ್ಲಿ ವಾಸಿಸಿದ ದಾಖಲೆ ಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಊರಿಗೆ ಬಂದು ಬಿತ್ತುವವನು ಆ ಹದಿನೈದು ವರ್ಷವನ್ನು ಕಾಗದದಲ್ಲಿ ತೋರಿಸುವುದು ಹೇಗೆ? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆ ಬಂದಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವನು ಹೆಸರು ನೋಂದಾಯಿಸಬಹುದು. ಆದರೆ ಪ್ರತಿಯೊಂದು ರಾಜ್ಯಕ್ಕೂ ಅದರದೇ ಮಂಡಳಿ. ದುಡಿದದ್ದು ಒಂದು ಕಡೆ, ಚೀಟಿ ಇನ್ನೊಂದು ಕಡೆ ಆದವನು ಎರಡೂ ಮಂಡಳಿಗಳ ಹೊಸ್ತಿಲಲ್ಲಿ ನಿಲ್ಲುತ್ತಾನೆ.

ಪರರಾಜ್ಯಕ್ಕೆ ದುಡಿಯಲು ಹೋಗುವವರಿಗೆಂದೇ 1979ರಲ್ಲಿ ಒಂದು ಕಾಯಿದೆ ಆಗಿತ್ತು. ಕಂತ್ರಾಟುದಾರನು ಕಾರ್ಮಿಕನ ಹೆಸರಿನಲ್ಲಿ ಪಾಸುಬುಕ್ಕು ಇಡಬೇಕು, ಊರು ಬಿಟ್ಟದ್ದಕ್ಕೆ ಭತ್ಯೆ, ಪ್ರಯಾಣದ ಭತ್ಯೆ ಕೊಡಬೇಕು ಎಂದೆಲ್ಲ ಅದರಲ್ಲಿತ್ತು. ಓದಲು ಚೆಂದವಾದ ಕಾಯಿದೆ. ಆದರೆ ಅದು ಹಿಡಿದದ್ದು ಕಂತ್ರಾಟುದಾರನು ಊರಿಂದ ಕರೆದೊಯ್ದವರನ್ನು. ನಮ್ಮವರು ಹೋಗುವುದು ಅಳಿಯನ ಸಂಗಡ, ಷಡ್ಡಕನ ಫೋನಿನ ಮೇಲೆ. ಅವರನ್ನು ಯಾರೂ ಕರೆದೊಯ್ದಿಲ್ಲ, ಆದುದರಿಂದ ಅವರು ಆ ಕಾಯಿದೆಯ ಕಣ್ಣಿಗೆ ಬೀಳಲಿಲ್ಲ. 2020ರಲ್ಲಿ ಮಾಡಿದ ಕಾರ್ಮಿಕ ಸಂಹಿತೆಯಲ್ಲಿ ತಾನಾಗಿ ಹೋದವನನ್ನೂ ವಲಸೆ ಕಾರ್ಮಿಕನೆಂದು ಹೆಸರಿಸಿದ್ದಾರೆ, ಅದು ಒಳ್ಳೆಯದಾಯಿತು.

ಈಗ ಆ ಹತ್ತು ವರ್ಷದ ಹುಡುಗಿಯ ಕಡೆಗೆ ಮರಳೋಣ. ಮಾಸ್ತರಿಕೆ ಮಾಡುವ ನನಗೆ ಈ ವಿಷಯ ತಿಳಿಯುವುದು ಹಾಜರಿ ಪುಸ್ತಕದಿಂದ. ದೀಪಾವಳಿಯ ಸೂಟಿ ಮುಗಿದು ಶಾಲೆ ತೆರೆದಾಗ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳತೊಡಗುತ್ತದೆ. ಮನೆಗೆ ಹೇಳಿಕಳಿಸಿದರೆ ಅಜ್ಜಿ ಬರುತ್ತಾಳೆ. "ಅವರವ್ವ ಕರಕೊಂಡು ಹೋಗ್ಯಾಳ್ರಿ ಸರ. ಪರೀಕ್ಷಾಕ್ಕ ಬರ್ತೈತಿ, ಹೆಸರು ತಗೀಬ್ಯಾಡ್ರಿ" ಎನ್ನುತ್ತಾಳೆ. ಹೆಸರು ತೆಗೆಯುವುದಿಲ್ಲ. ಆದರೆ ಐದನೆಯ ಇಯತ್ತೆಯಲ್ಲಿ ನಾಲ್ಕು ತಿಂಗಳು ತಪ್ಪಿದ ಮಗು ಭಿನ್ನರಾಶಿ ಕಲಿಯದೆ ಏಳನೆಯದಕ್ಕೆ ಬರುತ್ತದೆ. ಒತ್ತಕ್ಷರ ಗಟ್ಟಿಯಾಗದೆ ನನ್ನ ಎಂಟನೆಯ ಇಯತ್ತೆಗೆ ಬರುತ್ತದೆ. ಅಂಥ ಮಕ್ಕಳು ದಡ್ಡರಲ್ಲ. ಮೂರು ಭಾಷೆ ಅರಿತಿರುತ್ತಾರೆ, ಕೊಂಕಣಿಯಲ್ಲಿ ಚೌಕಾಶಿ ಮಾಡಬಲ್ಲರು, ಸಿಮೆಂಟು ಮರಳಿನ ಪ್ರಮಾಣ ಬಾಯಿಪಾಠವಿರುತ್ತದೆ. ಒಂದು ಪುಟ ಕನ್ನಡ ತಡೆಯದೆ ಓದಲು ಮಾತ್ರ ಬರುವುದಿಲ್ಲ. ತಡೆದು ಓದಲು ನಾಚಿ ಸುಮ್ಮನಾಗುತ್ತಾರೆ; ಸುಮ್ಮನಾದವರು ಒಂಬತ್ತನೆಯ ಇಯತ್ತೆಯ ನಡುವೆ ಒಂದು ದಿನ ಬರುವುದನ್ನು ಬಿಡುತ್ತಾರೆ.

ಅಲ್ಲಿಯೇ ಶಾಲೆಗೆ ಹಾಕಬಾರದೇ ಎಂದು ಕೇಳಬಹುದು. ವಾಸ್ಕೋ, ಜುವಾರಿನಗರಗಳ ಕಡೆ ಕನ್ನಡ ಪ್ರಾಥಮಿಕ ಶಾಲೆಗಳು ನಡೆದು ಬಂದಿವೆ; ಅವನ್ನು ನಡೆಸಿಕೊಂಡು ಬಂದ ಅಲ್ಲಿನ ಕನ್ನಡಿಗರಿಗೆ ನಾವು ಋಣಿಗಳಾಗಿರಬೇಕು. ಅವು ದೂರವಿದ್ದವರಿಗೆ ಹತ್ತಿರದ ಸರಕಾರಿ ಶಾಲೆ ಮರಾಠಿಯದು ಇಲ್ಲವೆ ಕೊಂಕಣಿಯದು, ಹೈಸ್ಕೂಲಿಗೆ ಬಂದರೆ ಹೆಚ್ಚಾಗಿ ಇಂಗ್ಲಿಷು. ಪೂರಾ ಅಲ್ಲಿಯೇ ನೆಲೆ ನಿಲ್ಲುವೆನೆಂದು ನಿಶ್ಚಯಿಸಿದವರ ಮಕ್ಕಳು ಅದರಲ್ಲಿ ಕಲಿತು ಮುಂದೆ ಬಂದಿದ್ದಾರೆ. ಕಷ್ಟವಾಗುವುದು ಜೂನಿನಲ್ಲಿ ಕನ್ನಡ, ಡಿಸೆಂಬರಿನಲ್ಲಿ ಮರಾಠಿ, ಮತ್ತೆ ಜೂನಿನಲ್ಲಿ ಕನ್ನಡ ಎಂದು ತಿರುಗುವ ಮಗುವಿಗೆ.

ನೆಲೆ ನಿಲ್ಲುವುದೂ ಸುಲಭವಲ್ಲ. 2004ರ ಜೂನ ತಿಂಗಳಲ್ಲಿ, ಮಳೆಗಾಲದ ಬಾಯಲ್ಲಿ, ವಾಸ್ಕೋದ ಬೈನಾ ಕಡಲತಡಿಯಲ್ಲಿ ನೂರಾರು ಗುಡಿಸಲುಗಳನ್ನು ಕೆಡವಿದರು. ಕರ್ನಾಟಕದಿಂದ ಹೋಗಿ ಅಲ್ಲಿ ವರ್ಷಗಟ್ಟಲೆ ಇದ್ದ ಅನೇಕ ಕುಟುಂಬಗಳು ಅದರಲ್ಲಿ ಬೀದಿಗೆ ಬಂದವು. 2012ರಲ್ಲಿ ಗೋವೆಯ ಗಣಿಗಳ ಕೆಲಸ ನಿಂತಾಗ ಅದನ್ನು ನಂಬಿದವರು ಗಂಟು ಕಟ್ಟಬೇಕಾಯಿತು. ಒಂದು ಮಾತಿನ ವಿಚಾರವನ್ನೂ ಹೇಳಬೇಕು. ನಮ್ಮವರನ್ನು ಅಲ್ಲಿ 'ಘಾಂಟಿ' ಎನ್ನುವುದುಂಟು. ಘಟ್ಟದ ಮೇಲಿನವನು ಎಂಬಷ್ಟೇ ಅದರ ಮೂಲಾರ್ಥ. ಆದರೆ ಈಗ ಅದು ಬೈಗುಳದ ಮಾತಾಗಿದೆ. ಕೋಪ ಬರುವುದು ಸಹಜ. ಆದರೆ ಹದಿನೈದು ಲಕ್ಷ ಜನರ ಪುಟ್ಟ ರಾಜ್ಯಕ್ಕೆ ತನ್ನ ಮಾತು ತನ್ನ ನೆಲದಲ್ಲಿ ಉಳಿದೀತೇ ಎಂಬ ಭಯವಿದ್ದರೆ ಅದನ್ನು ನಾವು ಅರಿಯಲಾರೆವೇ? ಬೆಂಗಳೂರಿಗೆ ಬಂದ ಬಡಗಣವರನ್ನು ಕುರಿತು ನಾವಾಡುವ ಮಾತುಗಳನ್ನು ಗೋವೆಯವರು ಕೇಳಿಸಿಕೊಂಡರೆ ಹೇಗಿದ್ದೀತು!

ಹೋಗಬೇಡಿರೆಂದು ಹೇಳಲು ನಾನು ಬಂದಿಲ್ಲ. ಮೇಲಿನ ಲೆಕ್ಕ ಹಾಗೆ ಹೇಳುವುದೂ ಇಲ್ಲ. ಹೋಗುವವರೇನೋ ಈ ಭಾಷಣವನ್ನು ಕೇಳುತ್ತಿರಲಿಕ್ಕಿಲ್ಲ. ಕೇಳುತ್ತಿರುವವರು ಅವರ ಕೈಯಿಂದ ಮನೆ ಕಟ್ಟಿಸುವವರು, ಅವರ ಹೆಂಡಂದಿರಿಂದ ಪಾತ್ರೆ ತೊಳೆಸುವವರು, ಅವರಿಗೆ ಅರ್ಜಿ ಬರೆದುಕೊಡುವವರು. ಆದಕಾರಣ ಇಷ್ಟನ್ನು ತಿಳಿದಿಟ್ಟುಕೊಂಡು ಅವರಿಗೆ ಹೇಳಬಹುದು. ತಾಯಿಯೂ ಹೋಗಲೇಬೇಕಾಗಿ ಬಂದರೆ ದೊಡ್ಡ ಮಗುವನ್ನು ತಾಲೂಕಿನ ಸರಕಾರಿ ವಸತಿನಿಲಯಕ್ಕೆ ಹಾಕಲು ಬರುತ್ತದೆಯೇ ಎಂದು ಬೇಸಿಗೆಯಲ್ಲಿಯೇ ವಿಚಾರಿಸಬೇಕು. ಅರ್ಜಿಯ ಅವಧಿ ಮುಗಿದ ಮೇಲೆ ಅಜ್ಜಿಯ ಹತ್ತಿರ ಬಿಡುವುದೊಂದೇ ಉಳಿಯುತ್ತದೆ. ಮಗುವನ್ನು ಒಯ್ಯುವುದೇ ಆದರೆ ಹೇಳದೆ ಒಯ್ಯಬಾರದು, ವರ್ಗಾವಣೆ ಪತ್ರ ಕೇಳಿ ಪಡೆಯಬೇಕು. ಪತ್ರ ಸಿಗುವುದು ತಡವಾಯಿತೆಂದು ಯಾವ ಸರಕಾರಿ ಶಾಲೆಯೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. 2010ರ ಏಪ್ರಿಲ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಹಾಗೆಂದು ಸ್ಪಷ್ಟವಾಗಿದೆ, ಅದು ಗೋವೆಗೂ ಸಲ್ಲುತ್ತದೆ, ಕರ್ನಾಟಕಕ್ಕೂ ಸಲ್ಲುತ್ತದೆ. ಆದರೆ ಆ ಕಾಯಿದೆ ಹದಿನಾಲ್ಕು ವರ್ಷದವರೆಗಿನದು. ಒಂಬತ್ತು, ಹತ್ತನೆಯ ಇಯತ್ತೆಗೆ ಅದರ ನೆರಳಿಲ್ಲ. ಆ ಎರಡು ವರ್ಷ ಮಾತ್ರ ಮಗು ಒಂದೇ ಶಾಲೆಯಲ್ಲಿ ಉಳಿಯುವಂತೆ ನೋಡಿಕೊಳ್ಳಲು ತಂದೆತಾಯಿಗಳಿಗೆ ಹೇಳಿರಿ. ದೀಪಾವಳಿಗೆ ಮುಂಚೆ ಹೇಳಿರಿ. ಗೋವೆಯ ಬಸ್ಸುಗಳು ತುಂಬುವುದು ಅದರ ಮರುವಾರ.